ಹೆಗಡೆ ಎಂಬುದು ಜಾತಿಯ ಹೆಸರೇ?

ಪ್ರಶ್ನೆ: ಇಂಗ್ಲಿಷರ ಸ್ಮಿತ್ ಕಮ್ಮಾರಿಕೆಯಿಂದ ಬಂದ ಅಡ್ಡಹೆಸರಂತೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡ್ಡಹೆಸರುಗಳೂ ಹಾಗೆಯೇ?

ಉತ್ತರ: ಹಲವು ಹಾಗೆಯೇ. ಹೆಗಡೆ ಎಂದರೆ ಊರಿನ ಮುಖ್ಯಸ್ಥ. ಯಲ್ಲಾಪುರದ ಕಡೆ ಕೇಳಿಬರುವ ಗಾಂವ್ಕರ ಕೂಡ ಊರ ಯಜಮಾನಿಕೆಯ ಹೆಸರೇ. ಭಟ್ಟರದು ವೇದ, ಪೌರೋಹಿತ್ಯ. ಜೋಶಿಯವರದು ಪಂಚಾಂಗ, ಜಾತಕ. ಶಾನಭಾಗರದು ಜಮೀನು, ಕಂದಾಯದ ಲೆಕ್ಕ. ವಂಶಪಾರಂಪರ್ಯ ಗ್ರಾಮಾಧಿಕಾರವನ್ನು ರಾಜ್ಯದಲ್ಲಿ 1961ರ ಕಾಯ್ದೆ ರದ್ದುಪಡಿಸಿತು, ಹೆಸರು ಉಳಿಯಿತು. ಈಗ ಮದುವೆ ಕರೆಯೋಲೆಯಲ್ಲಿ ಬರೀ ಹೆಗಡೆ ಎಂದರೆ ಯಾರೆಂದು ತಿಳಿಯದು, ಊರಿನ ಹೆಸರೂ ಬೇಕು.

ಅಡ್ಡಹೆಸರು ನೋಡಿ ಜಾತಿ ನಿರ್ಧರಿಸಬೇಡಿ. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ ಹವ್ಯಕರು, ಧರ್ಮಸ್ಥಳದ ಹೆಗ್ಗಡೆಯವರು ಜೈನರು, ಕರಾವಳಿಯಲ್ಲಿ ಬಂಟ ಹೆಗ್ಡೆಗಳೂ ಇದ್ದಾರೆ. ಹುದ್ದೆಯಿಂದ ಬಂದ ಹೆಸರು ಯಾವ ಒಂದು ಸಮುದಾಯದ ಸೊತ್ತೂ ಅಲ್ಲ.