ಡೇರೆ ಹೊತ್ತು ಕಾಡಿಗೆ ಹೊರಟವರೇ, ಸ್ವಲ್ಪ ನಿಲ್ಲಿ!

ಶನಿವಾರ ಸಂಜೆ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಅಡಿಕೆ ಮೂಟೆಯಷ್ಟು ದಪ್ಪದ ಚೀಲ ಬೆನ್ನಿಗೇರಿಸಿಕೊಂಡ ಹುಡುಗರ ಗುಂಪು ಒಂದಾದರೂ ಕಣ್ಣಿಗೆ ಬೀಳುತ್ತದೆ. ಪಕ್ಕದ ಅಂಗಡಿಯಲ್ಲಿ ಬೆಂಕಿಪೊಟ್ಟಣ, ಬಿಸ್ಕತ್ತು, ನೀರಿನ ಬಾಟಲಿ ಕೊಳ್ಳುತ್ತಿರುತ್ತಾರೆ. “ಎಲ್ಲಿಗ್ರಪ್ಪಾ ಸವಾರಿ?” ಎಂದರೆ, “ಕಾಡಿಗೆ ಸಾರ್, ರಾತ್ರಿ ಅಲ್ಲೇ ಕ್ಯಾಂಪು” ಅಂತಾರೆ. “ಪರ್ಮಿಶನ್ ತಗೊಂಡ್ರಾ?” ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. “ಸರ್ಕಾರಿ ಕಾಡಲ್ವಾ ಸಾರ್, ಯಾರನ್ನ ಕೇಳ್ಬೇಕು?”

ಎಡವಟ್ಟು ಶುರುವಾಗುವುದೇ ಇಲ್ಲಿ.

ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಬಹುಕಡೆ ಯಾರು ಬೇಕಾದರೂ ಡೇರೆ ಹಾಕಿ ಕೆಲವು ದಿನ ಇರಬಹುದು, ನಿಜ. ಸ್ವೀಡನ್ನಿನಲ್ಲಂತೂ ಒಂದು ರಾತ್ರಿ ತಂಗುವುದು ಜನರ ಹಕ್ಕೇ ಆಗಿದೆ. ನಮ್ಮ ಹುಡುಗರು ಮೊಬೈಲಿನಲ್ಲಿ ನೋಡುವುದು ಅದನ್ನೇ. ಆದರೆ ನಮ್ಮಲ್ಲಿ ಕಾನೂನು ಬೇರೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು, ಬೆಂಕಿ ಹಚ್ಚುವುದು ಅಪರಾಧ. ವನ್ಯಜೀವಿ ಧಾಮ, ರಾಷ್ಟ್ರೀಯ ಉದ್ಯಾನಗಳಲ್ಲಿ 1972ರ ವನ್ಯಜೀವಿ ಕಾಯ್ದೆ ಇನ್ನೂ ಬಿಗಿ. ಪರವಾನಗಿ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ, ಕಸ ಎಸೆಯುವ ಹಾಗಿಲ್ಲ, ಪ್ರಾಣಿಯನ್ನು ಕೆಣಕುವ ಹಾಗಿಲ್ಲ. ಮೂರು ವರ್ಷದವರೆಗೆ ಜೈಲು ಎಂದೂ ಬರೆದಿದೆ. ನಮ್ಮ ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿ ಧಾಮದಲ್ಲಿ ಎನ್ನುವುದು ನೆನಪಿರಲಿ.

2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ್ದು ಎಲ್ಲರಿಗೂ ಗೊತ್ತು. ಆಮೇಲೆ ಸರ್ಕಾರ ಚಾರಣಕ್ಕೇ ತಡೆ ಹಾಕಿತು. ಮುಂಗಡ ಟಿಕೆಟ್ಟು, ದಿನಕ್ಕಿಷ್ಟೇ ಜನ ಎಂಬ ನಿಯಮ ಬಂದದ್ದು ಅದರ ನಂತರವೇ. ಟಿಕೆಟ್ಟು ಸಿಕ್ಕಿತೆಂದರೆ ಹಗಲು ಬೆಟ್ಟ ಹತ್ತಿ ಇಳಿಯಬಹುದು ಎಂದಷ್ಟೇ ಅರ್ಥ. ರಾತ್ರಿ ತಂಗಬೇಕಾದರೆ ರೇಂಜರ್ ಆಫೀಸಿನಲ್ಲಿ ಬೇರೆಯಾಗಿಯೇ ಕೇಳಬೇಕು. ಬೇಡ ಅಂದರೆ ಬೇಡ. ಇಲಾಖೆ ತೋರಿಸಿದ ಜಾಗದಲ್ಲೋ, ಗುಡ್ಡದ ಕೆಳಗಿನ ಮನೆಗಳಲ್ಲೋ ಇರಿ.

ಬೆಂಕಿಯ ಮಾತು

ಇದನ್ನು ಒತ್ತಿ ಹೇಳಬೇಕು. ಮಾಘ, ಫಾಲ್ಗುಣದಲ್ಲಿ ದರಗು ಒಣಗಿ ಹಪ್ಪಳವಾಗಿರುತ್ತದೆ. ರಾತ್ರಿ ಚಳಿಗೆ ಕಾಯಿಸಿಕೊಂಡ ಬೆಂಕಿ ಆರಿತೆಂದು ನೀವು ಬೆಳಿಗ್ಗೆ ಹೊರಡುತ್ತೀರಿ. ಬೂದಿಯಡಿಯ ಕೆಂಡ ಮಧ್ಯಾಹ್ನದ ಗಾಳಿಗೆ ಎದ್ದು ಕೂರುತ್ತದೆ. ಒಂದು ಬೀಡಿ ತುಂಡೂ ಸಾಕು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಿತು. ಅದಕ್ಕೂ ಮುಂಚೆ 2017ರ ಫೆಬ್ರವರಿಯಲ್ಲಿ ಅದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟು ಸತ್ತರು. ನಮ್ಮ ಕಡೆಯ ಗಾರ್ಡುಗಳ ಕೈಯಲ್ಲೂ ಎಷ್ಟೋ ಸಲ ಇರುವುದು ಹಸಿ ಸೊಪ್ಪಿನ ಕೊಂಬೆ ಮಾತ್ರ. ನಿಮ್ಮ ಒಂದು ರಾತ್ರಿಯ ಮೋಜಿಗೆ ಅವರು ಜೀವ ಒತ್ತೆ ಇಡಬೇಕೇ? ಅನ್ನ ಬುತ್ತಿ ಕಟ್ಟಿಕೊಂಡು ಹೋಗಿ, ಚಳಿಗೆ ಕಂಬಳಿ ಒಯ್ಯಿರಿ. ಒಲೆಯ ಗೊಡವೆಯೇ ಬೇಡ.

ಮಂಗನ ಕಾಯಿಲೆ ಮರೆತಿರಾ?

ಇನ್ನೊಂದು ವಿಷಯ ಹೊರಗಿನಿಂದ ಬರುವ ಹುಡುಗರಿಗೆ ಗೊತ್ತೇ ಇರುವುದಿಲ್ಲ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಜೀವಗಳನ್ನು ತಿಂದದ್ದು ಮರೆಯುವ ಹಾಗಿದೆಯೇ? ರೋಗ ಹರಡುವುದು ಉಣ್ಣೆಯಿಂದ. ಡಿಸೆಂಬರಿನಿಂದ ಮೇ ತನಕ ಅದರ ಕಾಲ, ಕ್ಯಾಂಪಿನವರ ಕಾಲವೂ ಹೆಚ್ಚುಕಡಿಮೆ ಅದೇ! ದರಗಿನ ಮೇಲೆ ಚಾಪೆ ಹಾಸಿ ಮಲಗುವುದೆಂದರೆ ಉಣ್ಣೆಯನ್ನು ಕರೆದು ಮೈಮೇಲೆ ಕೂರಿಸಿಕೊಂಡಂತೆ. ಮೈತುಂಬ ಬಟ್ಟೆ ಇರಲಿ. ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ “ಕಾಡಿಗೆ ಹೋಗಿದ್ದೆ” ಅಂತ ಮೊದಲು ಹೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಹೋದ ಮನೆಯ ಮರ್ಯಾದೆ

ಅನುಮತಿ ಸಿಕ್ಕಿ ತಂಗಿದಿರಿ ಅನ್ನೋಣ. ನಾಲ್ಕು ಮಾತು ನೆನಪಿರಲಿ. ಬರಿನೆಲದ ಮೇಲೆ ಡೇರೆ ಹಾಕಿ, ಗೂಟಕ್ಕೆಂದು ಕೊಂಬೆ ಕಡಿಯಬೇಡಿ. ಪ್ರಾಣಿ ನೀರಿಗಿಳಿಯುವ ದಾರಿ ಬಿಟ್ಟು ದೂರ ಇರಿ. ಬಹಿರ್ದೆಸೆಗೆ ಹಳ್ಳದಿಂದ 200 ಅಡಿಯಾದರೂ ಆಚೆ ಹೋಗಿ, ಒಂದು ಗೇಣು ಗುಂಡಿ ತೋಡಿ ಮಣ್ಣು ಮುಚ್ಚಿ. ಹಳ್ಳದಲ್ಲಿ ಸೋಪು ಹಚ್ಚಿಕೊಂಡು ಮೀಯಬೇಡಿ. ಮಲೆನಾಡಿನಲ್ಲಿ ಎಷ್ಟೋ ಮನೆಗಳ ಬಚ್ಚಲಿಗೂ ಅಡಿಗೆಗೂ ಗುಡ್ಡದ ಅಬ್ಬಿ ನೀರೇ ಬರುವುದು. ಮೇಲೆ ನೀವು ಕಲಕಿದ್ದು ಕೆಳಗೆ ಯಾರದೋ ಮಗುವಿನ ಲೋಟಕ್ಕೆ ಬೀಳುತ್ತದೆ. ಮಂಗಕ್ಕೆ ಬಿಸ್ಕತ್ತು ಹಾಕುವುದು, ರಾತ್ರಿ ಜೋರು ಹಾಡು ಹಚ್ಚುವುದು ಎರಡೂ ಬೇಡ. ಹೊತ್ತು ಹೋದ ಬಾಟಲಿ ಖಾಲಿಯಾದ ಮೇಲೆ ಹಗುರಾಗಿರುತ್ತದಲ್ಲ, ವಾಪಸು ತರಲು ಏನು ಕಷ್ಟ?

ಅಂಗಡಿಯವರಿಗೂ ಒಂದು ಮಾತು. ವ್ಯಾಪಾರ ಬೇಡ ಎನ್ನುವುದಿಲ್ಲ. ಬೆಂಕಿಪೊಟ್ಟಣ ಕೊಡುವ ಮುಂಚೆ “ಕಾಡಲ್ಲಿ ಹಚ್ಚಬೇಡ್ರಪ್ಪಾ” ಅಂತ ಒಂದು ಸಲ ಹೇಳಿ. ವಾಪಸು ಬಂದವರು ಕಸ ಹಾಕಲು ಬಾಗಿಲಲ್ಲಿ ಒಂದು ಡಬ್ಬ ಇಡಿ. ಬಸ್ಸಿನಲ್ಲಿ ಪಕ್ಕ ಕೂತವರೂ ಅಷ್ಟೆ. ಚೀಲ ಕಂಡರೆ “ರೇಂಜರ್ ಆಫೀಸಿಗೆ ಹೋಗಿದ್ರಾ?” ಎಂದು ಕೇಳಿ. ಬೈದುಕೊಂಡರೆ ಬೈದುಕೊಳ್ಳಲಿ. ಬೇಸಿಗೆ ಬಂದಿದೆ, ಗುಡ್ಡದ ಹುಲ್ಲು ಒಣಗಿದೆ.