ಬೀಳದಂತೆ ನಿಲ್ಲುವ ವಿದ್ಯೆ

ನೆಟ್ಟಗೆ ನಿಲ್ಲಲು ಕಣ್ಣು, ಒಳಗಿವಿ, ಪಾದ ಹಾಗೂ ಕೀಲುಗಳಿಂದ ಮಿದುಳಿಗೆ ಸತತವಾಗಿ ಸುದ್ದಿ ತಲುಪುತ್ತಿರಬೇಕು. ವಯಸ್ಸಾದಂತೆ ಆ ಸುದ್ದಿ ಮಸುಕಾಗುತ್ತದೆ, ಸ್ನಾಯುಗಳೂ ಸೋಲುತ್ತವೆ.

ಚೀನಾದ ಹೆನಾನ್ ಪ್ರಾಂತ್ಯದ ಚೆನ್ ಮನೆತನದವರು ಬೆಳೆಸಿದ ಕಾದಾಟದ ಕಲೆ ತೈ ಚಿ. ಅದರಲ್ಲಿ ಮಂಡಿ ತುಸು ಬಾಗಿಸಿ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟಿಸುತ್ತಾರೆ. ಅಮೆರಿಕದ ಅಟ್ಲಾಂಟಾದಲ್ಲಿ 70 ವರ್ಷ ಮೇಲ್ಪಟ್ಟ 200 ಮಂದಿಯ ಅಧ್ಯಯನವೊಂದರಲ್ಲಿ ಒಂದು ಗುಂಪಿಗೆ 15 ವಾರ ತೈ ಚಿ, ಇನ್ನೊಂದಕ್ಕೆ ಕಂಪ್ಯೂಟರ್ ನೆರವಿನ ಸಮತೋಲನ ತರಬೇತಿ ಕೊಡಲಾಯಿತು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು: ತೈ ಚಿ ಗುಂಪಿನಲ್ಲಿ ಪದೇ ಪದೇ ಬೀಳುವ ಅಪಾಯ ಶೇ. 47.5ರಷ್ಟು ಇಳಿದಿತ್ತು.

ವಿಚಿತ್ರವೆಂದರೆ, ನಿಂತಾಗಿನ ಓಲಾಟ ತಗ್ಗಿದ್ದು ಕಂಪ್ಯೂಟರ್ ಗುಂಪಿನಲ್ಲಿ. ತೈ ಚಿಯವರಲ್ಲಿ ತಗ್ಗಿದ್ದು ಬೀಳುವ ಭಯ. ಓಲಾಡದೆ ನಿಲ್ಲುವುದೇ ಬೇರೆ, ಬೀಳದೆ ನಡೆಯುವುದೇ ಬೇರೆ.