ಸಿಬ್ಬಂದಿಯ ಸಲಹೆಗೂ ಬೇಕು ಪರೀಕ್ಷೆ



ಸಂಘದಲ್ಲಿ ನಿಮ್ಮ ಹಾಲಿಗೆ ದರ ಸಿಗುವುದು ಜಿಡ್ಡು ಮತ್ತು ಜಿಡ್ಡೇತರ ಘನಾಂಶದ ಮೇಲೆ; ಹಾಲು ತಂದವರು ಯಾರೆಂದು ನೋಡಿ ಅಲ್ಲ. ಸಿಬ್ಬಂದಿ ಕೊಡುವ ಸಲಹೆಗಳನ್ನೂ ಹೀಗೆಯೇ ಅಳೆಯಬೇಕು.

ಕ್ಯಾನು ತೊಳೆಯುವುದು, ಹಾಲು ಸ್ವೀಕರಿಸುವ ಸಮಯ, ಕರೆಂಟು ಹೋದಾಗ ಬಿಎಂಸಿ ನಿರ್ವಹಣೆ – ಇವುಗಳ ಕೊರತೆ ಮೊದಲು ಕಾಣುವುದು ಹಾಲು ಪರೀಕ್ಷಕರಿಗೆ, ಸಹಾಯಕರಿಗೆ. ಅವರ ಮಾತು ಯಾರ ಕಿವಿಗೂ ಬೀಳದೆ ಹೋದರೆ, ಹಾಲು ಹುಳಿಯಾಗಿ ವಾಪಸಾದಾಗ ನಷ್ಟ ನಿಮಗೇ. ಹಾಗೆಂದು ಬಂದ ಪ್ರತಿ ಸಲಹೆಗೂ ಹಣ ಸುರಿಯುವಂತಿಲ್ಲ. ಆ ಹಣವೂ ನಿಮ್ಮದೇ.

ಆಯ್ಕೆಗೆ ದುಬಾರಿ ಸಾಫ್ಟ್‌ವೇರ್ ಬೇಡ. ಮೊಬೈಲ್‌ನಲ್ಲಿ ತುಂಬುವ ಗೂಗಲ್ ಫಾರ್ಮ್, ಸಂಘದ ಕಂಪ್ಯೂಟರ್ ಸಾಕು.

1. ದಾಖಲೆ: ಸಮಸ್ಯೆ ಏನು, ಪರಿಹಾರ ಏನು, ಅಂದಾಜು ಖರ್ಚು ಎಷ್ಟು – ಈ ಮೂರನ್ನು ಸಿಬ್ಬಂದಿ ಫಾರ್ಮ್‌ನಲ್ಲಿ ಬರೆಯಲಿ. ಬರೆಯಲು ಬಾರದವರ ಪರವಾಗಿ ಕಾರ್ಯದರ್ಶಿ ತುಂಬಲಿ.

2. ಅಂಕ: ಫಾರ್ಮ್‌ಗಳು ಕಂಪ್ಯೂಟರ್‌ನಲ್ಲಿ ಒಂದೇ ಪಟ್ಟಿಯಾಗಿ ಬರುತ್ತವೆ. ಹೆಸರಿನ ಕಾಲಂ ಮರೆಮಾಡಿ ಅದನ್ನು ನಿರ್ದೇಶಕರಿಗೆ ಕೊಡಬೇಕು. ಹಾಲಿನ ಗುಣಮಟ್ಟ, ಅನುಕೂಲ ಪಡೆಯುವ ಸದಸ್ಯರ ಸಂಖ್ಯೆ, ಖರ್ಚು, ಜಾರಿಯ ಸುಲಭತೆ – ಒಂದೊಂದಕ್ಕೂ 1ರಿಂದ 5 ಅಂಕ. ಖರ್ಚು ಕಡಿಮೆಯಾದಷ್ಟೂ ಅಂಕ ಹೆಚ್ಚು. ಚರ್ಚೆಗೆ ಮೊದಲೇ ಪ್ರತಿಯೊಬ್ಬರೂ ಬೇರೆಬೇರೆಯಾಗಿ ಅಂಕ ಕೊಟ್ಟರೆ, ಒಬ್ಬರ ಜೋರು ಮಾತಿಗೆ ಉಳಿದವರು ತಲೆದೂಗುವುದು ತಪ್ಪುತ್ತದೆ.

3. ಪ್ರಯೋಗ: ಹೆಚ್ಚು ಅಂಕ ಪಡೆದ ಸಲಹೆಯನ್ನು 15 ದಿನ ಚಿಕ್ಕ ಪ್ರಮಾಣದಲ್ಲಿ ಮಾಡಿ ನೋಡಬೇಕು. ವಾಪಸಾದ ಹಾಲೆಷ್ಟು, ಹಾಲು ತಣ್ಣಗಾಗಲು ಹಿಡಿದ ಸಮಯವೆಷ್ಟು ಎಂದು ಮೊದಲೂ ಆಮೇಲೂ ಬರೆದಿಟ್ಟು ಹೋಲಿಸಬೇಕು.

4. ಉತ್ತರ: ಒಪ್ಪಿದರೂ ಬಿಟ್ಟರೂ ಕಾರಣ ತಿಳಿಸಬೇಕು. ಉತ್ತರ ಸಿಗದವರು ಮತ್ತೆ ಸಲಹೆ ಕೊಡುವುದಿಲ್ಲ.

ಒಂದು ಎಚ್ಚರಿಕೆ: ಅಂಕವೇ ಕೊನೆಯ ಮಾತಲ್ಲ. ಎಮ್ಮೆ ಹಾಲಿನಿಂದ ಹಾಲಿನ ಪುಡಿ ಮಾಡಲಾಗದು ಎಂದು ವಿದೇಶಿ ತಜ್ಞರು ಹೇಳುತ್ತಿದ್ದ ಕಾಲದಲ್ಲಿ, ಅಮುಲ್‌ನ ಡೇರಿ ತಂತ್ರಜ್ಞ ಎಚ್.ಎಂ. ದಲಾಯಾ ಅವರು ಸಣ್ಣ ಪ್ರಯೋಗ ಮಾಡಿ ಅದು ಸಾಧ್ಯವೆಂದು ತೋರಿಸಿದರು. 1955ರಲ್ಲಿ ಆನಂದ್‌ನಲ್ಲಿ ಕಾರ್ಖಾನೆಯೇ ತೆರೆಯಿತು. ಅಂದು ಬರೀ ಅಭಿಪ್ರಾಯ ಕೇಳಿ ಅಂಕ ಹಾಕಿದ್ದರೆ ಆ ಸಲಹೆ ಪಟ್ಟಿಯ ಕೆಳಗೇ ಉಳಿಯುತ್ತಿತ್ತು. ಅಂಕ ಕಡಿಮೆಯಿದ್ದರೂ ಸ್ವಲ್ಪ ಖರ್ಚಿನಲ್ಲಿ ಪರೀಕ್ಷಿಸಬಹುದಾದ ಸಲಹೆಗೆ ಒಂದು ಅವಕಾಶ ಕೊಡಿ.

ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ತಪ್ಪದೆ ಕೇಳಿ: ಈ ವರ್ಷ ಸಿಬ್ಬಂದಿಯಿಂದ ಎಷ್ಟು ಸಲಹೆ ಬಂದವು? ಎಷ್ಟನ್ನು ಪ್ರಯೋಗಿಸಿ ನೋಡಿದಿರಿ? ಎಷ್ಟಕ್ಕೆ ಉತ್ತರ ಕೊಟ್ಟಿರಿ?